ಬರ್ನಾರ್ಡೊ ಹೌಸೇ: ಇನ್ಸುಲಿನ್‌ನ ಎದುರಾಳಿಯನ್ನು ಕಂಡವರು

1921ರಲ್ಲಿ ಟೊರಾಂಟೊದಲ್ಲಿ ಇನ್ಸುಲಿನ್ ದೊರೆತ ಕಥೆಯನ್ನು ನಮ್ಮಲ್ಲಿ ಅನೇಕರು ಬಲ್ಲರು. ಆ ಇನ್ಸುಲಿನ್‌ಗೆ ಎದುರು ನಿಲ್ಲುವ ಶಕ್ತಿ ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯಲ್ಲಿದೆ ಎಂದು ತೋರಿಸಿದ ಅರ್ಜೆಂಟೀನಾದ ಬರ್ನಾರ್ಡೊ ಹೌಸೇ ಅವರ ಹೆಸರು ಅಷ್ಟು ಪರಿಚಿತವಲ್ಲ.

ಹೌಸೇ 1887ರ ಏಪ್ರಿಲ್ 10ರಂದು ಬ್ಯೂನಸ್ ಐರಿಸ್‌ನಲ್ಲಿ, ಫ್ರಾನ್ಸಿನಿಂದ ವಲಸೆ ಬಂದ ಕುಟುಂಬದಲ್ಲಿ ಜನಿಸಿದರು. 14ನೆಯ ವಯಸ್ಸಿನಲ್ಲಿ ಔಷಧಶಾಸ್ತ್ರದ ವ್ಯಾಸಂಗಕ್ಕೆ ಸೇರಿದ ಅವರು, ಮುಂದೆ ವೈದ್ಯರಾಗಿ, 1919ರಲ್ಲಿ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಶರೀರಕ್ರಿಯಾಶಾಸ್ತ್ರದ ಪ್ರಾಧ್ಯಾಪಕರಾದರು.

ಮೇದೋಜೀರಕ ಗ್ರಂಥಿಯನ್ನು ತೆಗೆದ ನಾಯಿಗೆ ತೀವ್ರ ಮಧುಮೇಹ ಬರುತ್ತದೆ. ಅದರೊಡನೆ ಪಿಟ್ಯುಟರಿಯನ್ನೂ ತೆಗೆದಾಗ ಆ ಮಧುಮೇಹ ಸೌಮ್ಯವಾಗುವುದನ್ನು ಹೌಸೇ ಕಂಡರು. ಪಿಟ್ಯುಟರಿಯಿಲ್ಲದ ಪ್ರಾಣಿಗೆ ಅಲ್ಪ ಇನ್ಸುಲಿನ್ ಕೂಡ ಅಪಾಯಕಾರಿಯಾಗುತ್ತಿತ್ತು. ಆ ಗ್ರಂಥಿಯ ಮುಂಭಾಗದ ಸಾರವನ್ನು ಚುಚ್ಚಿದರೆ ರಕ್ತದ ಸಕ್ಕರೆ ಏರುತ್ತಿತ್ತು.

ನರಗಳ ಪಾತ್ರವೇನು? ಮೇದೋಜೀರಕವಿಲ್ಲದ ನಾಯಿಯ ಕುತ್ತಿಗೆಯ ರಕ್ತನಾಳಗಳಿಗೆ ಬೇರೊಂದು ನಾಯಿಯ ಗ್ರಂಥಿಯನ್ನು ಜೋಡಿಸಿದಾಗ, ನರಸಂಪರ್ಕವಿಲ್ಲದೆಯೂ ಸಕ್ಕರೆ ಹತೋಟಿಗೆ ಬಂದಿತು. ಇನ್ಸುಲಿನ್ ಸ್ರಾವಕ್ಕೆ ರಕ್ತದ ಸಕ್ಕರೆಯೇ ಮುಖ್ಯ ಪ್ರೇರಕವೆಂದೂ ನರಗಳು ಅದನ್ನು ತಿದ್ದುತ್ತವೆಯೆಂದೂ ಇದರಿಂದ ತಿಳಿಯಿತು. ಊಟದ ವೇಳೆ ವೇಗಸ್ ನರದ ಅಸಿಟೈಲ್‌ಕೋಲಿನ್ ಬೀಟಾ ಕೋಶಗಳ ಮಸ್ಕರಿನಿಕ್ ಗ್ರಾಹಕಗಳ ಮೂಲಕ ಸ್ರಾವವನ್ನು ಹೆಚ್ಚಿಸುತ್ತದೆ. ಅಪಾಯದ ವೇಳೆ ನಾರ್‌ಅಡ್ರಿನಲಿನ್ ಆಲ್ಫಾ-2 ಗ್ರಾಹಕಗಳ ಮೂಲಕ ತಡೆಯುತ್ತದೆ, ಓಟಕ್ಕೆ ಬೇಕಾದ ಸಕ್ಕರೆ ರಕ್ತದಲ್ಲಿ ಉಳಿಯಲೆಂದು. ಗ್ರಾಹಕಗಳ ಈ ವಿವರಗಳು ತರುವಾಯದ ಸಂಶೋಧನೆಯ ಫಲ.

1943ರಲ್ಲಿ ಪ್ರಜಾಪ್ರಭುತ್ವವನ್ನು ಬೆಂಬಲಿಸುವ ಹೇಳಿಕೆಗೆ ಸಹಿ ಹಾಕಿದ್ದಕ್ಕಾಗಿ ಸೈನಿಕ ಸರ್ಕಾರ ಅವರನ್ನು ಹುದ್ದೆಯಿಂದ ಕಿತ್ತುಹಾಕಿತು. ವಿದೇಶಗಳಿಂದ ಆಹ್ವಾನಗಳು ಬಂದವು. ಹೌಸೇ ಒಪ್ಪಲಿಲ್ಲ, ಮರುವರ್ಷ ಖಾಸಗಿ ದೇಣಿಗೆಯಿಂದ ಬ್ಯೂನಸ್ ಐರಿಸ್‌ನಲ್ಲೇ ಸಂಶೋಧನಾ ಸಂಸ್ಥೆಯೊಂದನ್ನು ಕಟ್ಟಿದರು. 1947ರ ವೈದ್ಯಕೀಯ ನೊಬೆಲ್‌ನ ಅರ್ಧಪಾಲು ಅವರಿಗೆ, ಉಳಿದರ್ಧ ಕೋರಿ ದಂಪತಿಗಳಿಗೆ ಸಂದಿತು. ವಿಜ್ಞಾನದಲ್ಲಿ ಆ ಗೌರವ ಪಡೆದ ಮೊದಲ ಲ್ಯಾಟಿನ್ ಅಮೆರಿಕನ್ನರು ಅವರೇ.

ವಿದ್ಯೆಗಾಗಿ, ವೃತ್ತಿಗಾಗಿ ಕಡಲು ದಾಟಿದ ನಮ್ಮಂಥವರ ಆಯ್ಕೆಯನ್ನು ನಾನು ತಪ್ಪೆನ್ನಲಾರೆ. ಆದರೂ ಹುದ್ದೆ ಹೋದಮೇಲೂ ಊರಲ್ಲೇ ಉಳಿದ ಈ ವ್ಯಕ್ತಿಯ ಛಲ ನನ್ನನ್ನು ಯೋಚನೆಗೆ ಹಚ್ಚುತ್ತದೆ. ಅವರ ಶಿಷ್ಯ ಲೂಯಿಸ್ ಲೆಲುವಾರ್ ಅದೇ ನಗರದಲ್ಲಿ ದುಡಿದು 1970ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಡೆದರು. ಅದನ್ನು ಕಣ್ಣಾರೆ ಕಂಡ ಹೌಸೇ 1971ರ ಸೆಪ್ಟೆಂಬರ್ 21ರಂದು ಬ್ಯೂನಸ್ ಐರಿಸ್‌ನಲ್ಲಿ ತೀರಿಕೊಂಡರು.