ಹೃದಯ ಬದಲಿಸಿದ ಡಾಕ್ಟರ್‌ಗೂ ಸಂಧಿವಾತ! ಬೆರಳಿನ ಬಾವಿಗೂ ಹೃದಯಕ್ಕೂ ಏನು ಸಂಬಂಧ?

ಕೀಲುನೋವಿನಿಂದ ಜೀವಕ್ಕೇನೂ ಅಪಾಯವಿಲ್ಲ, ಎಣ್ಣೆ ಹಚ್ಚಿ ತಿಕ್ಕಿದರೆ ಸಾಕು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ, ಎಲ್ಲಿ ಕೇಳಿದರೂ ಈ ಮಾತು ಸಿಗುತ್ತದೆ. ಆದರೆ ಎಲ್ಲ ಕೀಲುನೋವೂ ಒಂದೇ ಅಲ್ಲ. ಸಂಧಿವಾತ, ಅಂದರೆ ರುಮಟಾಯ್ಡ್ ಆರ್ಥ್ರೈಟಿಸ್, ಹೃದಯಕ್ಕೂ ತೊಂದರೆ ಕೊಡಬಲ್ಲ ಕಾಯಿಲೆ. ಇದನ್ನು ಅರ್ಥ ಮಾಡಿಕೊಳ್ಳಲು ಮನುಷ್ಯನಿಂದ ಮನುಷ್ಯನಿಗೆ ಜಗತ್ತಿನ ಮೊದಲ ಹೃದಯ ಕಸಿ ಮಾಡಿದ ಡಾ. ಕ್ರಿಶ್ಚಿಯನ್ ಬರ್ನಾರ್ಡ್ ಅವರ ಬದುಕನ್ನು ನೋಡೋಣ.

ಪಾದ್ರಿಯ ಮಗ

ಬರ್ನಾರ್ಡ್ ಹುಟ್ಟಿದ್ದು 1922ರ ನವೆಂಬರ್ 8ರಂದು, ದಕ್ಷಿಣ ಆಫ್ರಿಕಾದ ಬೋಫೋರ್ಟ್ ವೆಸ್ಟ್ ಎಂಬ ಸಣ್ಣ ಊರಿನಲ್ಲಿ. ತಂದೆ ಚರ್ಚಿನ ಪಾದ್ರಿ. ಒಡಹುಟ್ಟಿದವರಲ್ಲಿ ಅಬ್ರಹಾಂ ಎಂಬ ಹುಡುಗ ಹೃದಯದ ತೊಂದರೆಯಿಂದ ಚಿಕ್ಕಂದಿನಲ್ಲೇ ತೀರಿಕೊಂಡ. ಬರ್ನಾರ್ಡ್ ಕೇಪ್‌ಟೌನ್ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ಓದಿ, ಹೆಚ್ಚಿನ ತರಬೇತಿಗಾಗಿ ಅಮೆರಿಕದ ಮಿನೆಸೋಟಕ್ಕೆ ಹೋದರು. ತೆರೆದ ಹೃದಯದ ಶಸ್ತ್ರಚಿಕಿತ್ಸೆ ಆಗಷ್ಟೇ ಬೆಳೆಯುತ್ತಿದ್ದ ಜಾಗ ಅದು.

ಅಲ್ಲಿದ್ದಾಗಲೇ, 1956ರ ಸುಮಾರಿಗೆ, ಅವರಿಗೆ ಸಂಧಿವಾತ ಇರುವುದು ಗೊತ್ತಾಯಿತು. ವಯಸ್ಸು ಇನ್ನೂ ಮೂವತ್ತರ ಆಸುಪಾಸು. ಶಸ್ತ್ರಚಿಕಿತ್ಸಕನಿಗೆ ಬೆರಳೇ ಬಂಡವಾಳ. ಆ ಬೆರಳುಗಳಿಗೇ ಕಾಯಿಲೆ ಬಂದಿತ್ತು.

ಒಂದೇ ಶತ್ರು, ಎರಡು ಕಡೆ

ಸಂಧಿವಾತ ಸವಕಳಿಯ ಕಾಯಿಲೆಯಲ್ಲ. ರೋಗಾಣುಗಳ ಮೇಲೆ ಹೋರಾಡಬೇಕಾದ ನಮ್ಮ ರೋಗನಿರೋಧಕ ವ್ಯವಸ್ಥೆ ತಪ್ಪಿ ನಮ್ಮದೇ ಕೀಲುಗಳ ಒಳಪೊರೆಯ ಮೇಲೆ ದಾಳಿ ಮಾಡುತ್ತದೆ. ಅದರಿಂದ ಬಾವು, ನೋವು, ಬಿಗಿತ.

1967ರ ಡಿಸೆಂಬರ್ 3ರಂದು ಕೇಪ್‌ಟೌನಿನ ಗ್ರೂಟ್ ಶೂರ್ ಆಸ್ಪತ್ರೆಯಲ್ಲಿ ಬರ್ನಾರ್ಡ್ ತಂಡ ಡೆನಿಸ್ ಡಾರ್ವಾಲ್ ಎಂಬ ಯುವತಿಯ ಹೃದಯವನ್ನು ಲೂಯಿಸ್ ವಾಷ್ಕಾನ್ಸ್ಕಿ ಎಂಬ ರೋಗಿಗೆ ಜೋಡಿಸಿತು. ಅಲ್ಲೂ ಎದುರಾದದ್ದು ಇದೇ ರೋಗನಿರೋಧಕ ವ್ಯವಸ್ಥೆ. ಅದು ಹೊಸ ಹೃದಯವನ್ನು ಹೊರಗಿನದೆಂದು ತಿರಸ್ಕರಿಸದಂತೆ ಔಷಧ ಕೊಟ್ಟು ತಗ್ಗಿಸಬೇಕಾಯಿತು. ದೇಹದ ರಕ್ಷಣೆ ಕುಗ್ಗಿದ್ದ ರೋಗಿ 18 ದಿನಕ್ಕೆ ನ್ಯುಮೋನಿಯಾದಿಂದ ತೀರಿಕೊಂಡರು. 1968ರ ಜನವರಿಯಲ್ಲಿ ಕಸಿ ಮಾಡಿಸಿಕೊಂಡ ಫಿಲಿಪ್ ಬ್ಲೈಬರ್ಗ್ 19 ತಿಂಗಳು ಬದುಕಿದರು. 1971ರಲ್ಲಿ ಕಸಿಯಾದ ಡರ್ಕ್ ವಾನ್ ಝೈಲ್ 23 ವರ್ಷ ಬದುಕಿದರು.

ಕೈ ಬಿಟ್ಟ ಕೈಗಳು

ಹೆಸರು ಏರುತ್ತಿದ್ದರೂ ಕೈಗಳ ಬಾವು ಇಳಿಯಲಿಲ್ಲ. 1983ರಲ್ಲಿ ಬರ್ನಾರ್ಡ್ ನಿವೃತ್ತರಾದರು. ಸಂಧಿವಾತದಿಂದ ಅವರ ಶಸ್ತ್ರಚಿಕಿತ್ಸೆಯ ದಿನಗಳು ಮುಗಿದಿದ್ದವು. ಇಂದು ಈ ಕಾಯಿಲೆಗೆ ಮುಖ್ಯ ಔಷಧವಾಗಿರುವ ಮೆಥೋಟ್ರೆಕ್ಸೇಟ್‌ಗೆ ಅಮೆರಿಕದಲ್ಲಿ ಸಂಧಿವಾತಕ್ಕೆಂದು ಒಪ್ಪಿಗೆ ಸಿಕ್ಕಿದ್ದು 1988ರಲ್ಲಿ. ಅವರಿಗೆ ತಡವಾಗಿ ಬಂದ ಔಷಧ ಇಂದು ನಮ್ಮ ಊರಿನ ರೋಗಿಗಳಿಗೂ ಸಿಗುತ್ತದೆ.

ನಿವೃತ್ತಿಯ ನಂತರ ಅವರು ಗ್ಲೈಸೆಲ್ ಎಂಬ ಮುಪ್ಪು ತಡೆಯುವ ಕ್ರೀಮಿಗೆ ತಮ್ಮ ಹೆಸರು ಕೊಟ್ಟು ಟೀಕೆಗೆ ಗುರಿಯಾದರು. ದೊಡ್ಡ ಡಾಕ್ಟರ್ ಹೆಸರಿದೆ ಎಂದ ಮಾತ್ರಕ್ಕೆ ಯಾವ ಮದ್ದನ್ನೂ ನಂಬಬಾರದು ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಕೇ?

ಹಾಗಾದರೆ ಅವರು ಸತ್ತದ್ದು ಹೃದಯಾಘಾತದಿಂದಲೇ?

ಅಲ್ಲ. 2001ರ ಸೆಪ್ಟೆಂಬರ್ 2ರಂದು ಸೈಪ್ರಸ್ ದೇಶದಲ್ಲಿ, 78ನೇ ವಯಸ್ಸಿನಲ್ಲಿ ಅವರು ತೀರಿಕೊಂಡಾಗ ಮೊದಲು ಹರಡಿದ ಸುದ್ದಿ ಹೃದಯಾಘಾತ ಎಂದೇ. ಮರಣೋತ್ತರ ಪರೀಕ್ಷೆಯಲ್ಲಿ ತೀವ್ರ ಆಸ್ತಮಾ ಕಾರಣ ಎಂದು ತಿಳಿಯಿತು. ಆದ್ದರಿಂದ ಸಂಧಿವಾತವೇ ಅವರ ಹೃದಯ ನಿಲ್ಲಿಸಿತು ಎಂಬ ಸಂದೇಶ ಬಂದರೆ ಅದು ಸುಳ್ಳು.

ಸಂಬಂಧ ಇರುವುದು ಹೀಗೆ

ಅವರ ಸಾವಿಗೆ ಕಾರಣ ಬೇರೆಯಾದರೂ ಸಂಧಿವಾತಕ್ಕೂ ಹೃದಯಕ್ಕೂ ನಂಟಿರುವುದು ಅಧ್ಯಯನಗಳಲ್ಲಿ ದೃಢಪಟ್ಟಿದೆ. ಈ ಕಾಯಿಲೆ ಇರುವವರಿಗೆ ಹೃದಯ ಮತ್ತು ರಕ್ತನಾಳದ ಕಾಯಿಲೆಯ ಅಪಾಯ ಉಳಿದವರಿಗಿಂತ ಸುಮಾರು ಒಂದೂವರೆ ಪಟ್ಟು. ಕೀಲಿನ ಬಾವಿಗೆ ಕಾರಣವಾಗುವ ರಾಸಾಯನಿಕಗಳು ರಕ್ತದಲ್ಲಿ ಸುತ್ತುತ್ತ ರಕ್ತನಾಳಗಳ ಒಳಗೋಡೆಗೂ ಉರಿಯೂತ ತರುತ್ತವೆ. ಅಲ್ಲಿ ಕೊಬ್ಬು ಬೇಗ ಕಟ್ಟಿಕೊಳ್ಳುತ್ತದೆ, ಕಟ್ಟಿದ್ದು ಸುಲಭವಾಗಿ ಒಡೆಯುತ್ತದೆ. ಒಡೆದಲ್ಲಿ ರಕ್ತ ಹೆಪ್ಪುಗಟ್ಟಿದರೆ ಹೃದಯಾಘಾತ. ನೋವಿನಿಂದ ಓಡಾಟ ಕಡಿಮೆಯಾಗುವುದು, ಬೀಡಿ ಸಿಗರೇಟು, ವರ್ಷಗಟ್ಟಲೆ ನುಂಗುವ ಸ್ಟೀರಾಯ್ಡ್ ಮತ್ತು ನೋವಿನ ಮಾತ್ರೆಗಳು ಅಪಾಯವನ್ನು ಇನ್ನಷ್ಟು ಹೆಚ್ಚಿಸುತ್ತವೆ.

ನಾವು ಏನು ಮಾಡಬೇಕು?

• ಗುರುತಿಸಿ: ಹಡಗಲಿಯಲ್ಲಿ ಬೆಳಗಿನ ಜಾವ ಮಲ್ಲಿಗೆ ಮೊಗ್ಗು ಬಿಡಿಸುವ ತಾಯಂದಿರಿಗೆ ಬೆರಳು ಮಡಚಲು ಬಾರದೆ, ಬಿಗಿತ ಅರ್ಧ ಗಂಟೆ ಮೀರಿಯೂ ಇಳಿಯದಿದ್ದರೆ, ಎರಡೂ ಕೈಯ ಸಣ್ಣ ಕೀಲುಗಳು ಊದಿದ್ದರೆ, ತಡಮಾಡದೆ ಡಾಕ್ಟರಿಗೆ ತೋರಿಸಿ. ವಯಸ್ಸಾದವರ ಮಂಡಿನೋವು ಬಹುಪಾಲು ಸವಕಳಿಯದ್ದು, ಅದು ಬೇರೆ. ಚಿಕ್ಕ ಮಕ್ಕಳಲ್ಲಿ ಗಂಟಲು ಸೋಂಕಿನ ನಂತರ ಬಂದು ಹೃದಯದ ಕವಾಟ ಕೆಡಿಸುವ ರುಮ್ಯಾಟಿಕ್ ಜ್ವರವೂ ಬೇರೆಯೇ.

• ಚಿಕಿತ್ಸೆ ಬಿಡಬೇಡಿ: ಬಾವು ಹತೋಟಿಯಲ್ಲಿದ್ದರೆ ಹೃದಯಕ್ಕೂ ಒಳ್ಳೆಯದು. ನೆನಪಿಡಿ, ಸಂಧಿವಾತಕ್ಕೆ ಮೆಥೋಟ್ರೆಕ್ಸೇಟ್ ತೆಗೆದುಕೊಳ್ಳುವುದು ವಾರಕ್ಕೊಮ್ಮೆ. ದಿನಾ ನುಂಗಿದರೆ ಜೀವಕ್ಕೇ ಅಪಾಯ.

• ಹೆಸರಿಲ್ಲದ ಪುಡಿ, ಗುಳಿಗೆ ಬೇಡ: ಒಂದೇ ದಿನಕ್ಕೆ ನೋವು ಮಾಯ ಎನ್ನುವ ಮದ್ದುಗಳಲ್ಲಿ ಸ್ಟೀರಾಯ್ಡ್ ಬೆರೆಸಿದ್ದು ಪತ್ತೆಯಾದ ಉದಾಹರಣೆಗಳಿವೆ. ಡಾಕ್ಟರ್ ಕೊಟ್ಟ ಸ್ಟೀರಾಯ್ಡ್ ಮಾತ್ರೆಯನ್ನೂ ನೀವಾಗಿಯೇ ತಟಕ್ಕನೆ ನಿಲ್ಲಿಸಬೇಡಿ.

• ಹೃದಯವನ್ನೂ ತೋರಿಸಿ: ಬಿಪಿ, ಸಕ್ಕರೆ, ಕೊಲೆಸ್ಟ್ರಾಲ್ ಆಗಾಗ ಪರೀಕ್ಷಿಸಿಕೊಳ್ಳಿ. ತಂಬಾಕು ಬಿಡಿ, ಆದಷ್ಟು ನಡೆಯಿರಿ.

• ಎದೆನೋವಿಗಾಗಿ ಕಾಯಬೇಡಿ: ಸಂಧಿವಾತದವರಲ್ಲಿ ಎದೆನೋವೇ ಇಲ್ಲದೆ ಹೃದಯಾಘಾತ ಆಗುವುದುಂಟು. ಇದ್ದಕ್ಕಿದ್ದಂತೆ ಏದುಸಿರು, ತಣ್ಣನೆ ಬೆವರು, ವಿಪರೀತ ಸುಸ್ತು ಕಂಡರೆ 108ಕ್ಕೆ ಕರೆ ಮಾಡಿ, ಹತ್ತಿರದ ಆಸ್ಪತ್ರೆಯಲ್ಲಿ ಇಸಿಜಿ ಮಾಡಿಸಿ.

ಒಟ್ಟಿನಲ್ಲಿ

ಸಂಧಿವಾತ ಬರೀ ಕೀಲಿನ ಕಾಯಿಲೆ ಎಂಬುದು ತಪ್ಪು. ಸಂಧಿವಾತ ಬಂದವರಿಗೆಲ್ಲ ಹೃದಯಾಘಾತ ಗ್ಯಾರಂಟಿ ಎಂಬುದೂ ತಪ್ಪು. ಅಪಾಯ ಹೆಚ್ಚು, ಆದರೆ ಅದನ್ನು ತಗ್ಗಿಸುವ ದಾರಿ ಇದೆ. ಮನೆಯಲ್ಲಿ ಬೆಳಗಾದರೆ ಬೆರಳು ಹಿಡಿದುಕೊಂಡು ಕೂರುವವರಿದ್ದರೆ ಇದನ್ನು ಮೊದಲು ಅವರಿಗೆ ಓದಿ ಹೇಳಿ. ಗ್ರೂಪಿಗೆ ಆಮೇಲೆ ಕಳಿಸಿದರಾಯಿತು.