ಕಾಲಾ ಅಜಾರ್‌ಗೆ ಮದ್ದು ಕೊಟ್ಟ ಬ್ರಹ್ಮಚಾರಿ ಅವರಿಗೆ ನೊಬೆಲ್ ಬಂದಿತ್ತೇ?

ಇಲ್ಲ. 1929ರ ನೊಬೆಲ್ ನಾಮನಿರ್ದೇಶನ ಪಟ್ಟಿಯಲ್ಲಿ ಡಾ. ಉಪೇಂದ್ರನಾಥ ಬ್ರಹ್ಮಚಾರಿ ಅವರ ಹೆಸರಿದೆ, ವಿಜೇತರ ಪಟ್ಟಿಯಲ್ಲಿಲ್ಲ. ನೊಬೆಲ್ ಬಂದಿತ್ತು ಎನ್ನುವ ಮೆಸೇಜ್ ನಿಮ್ಮ ಫೋನಿಗೆ ಬಂದರೆ ಫಾರ್ವರ್ಡ್ ಮಾಡಬೇಡಿ. ಆದರೆ ಅವರ ಕೆಲಸ ಸುಳ್ಳಲ್ಲ, ಅದನ್ನು ಧಾರಾಳವಾಗಿ ಹಂಚಿಕೊಳ್ಳಿ ಎನ್ನುತ್ತೇವೆ ನಾವು.

ಹುಟ್ಟಿದ್ದು 1873ರಲ್ಲಿ. ತಂದೆ ರೈಲ್ವೆ ವೈದ್ಯರು. ಮಗ ಮೊದಲು ಓದಿದ್ದು ಗಣಿತ, ಆಮೇಲೆ ರಸಾಯನಶಾಸ್ತ್ರ ಮತ್ತು ವೈದ್ಯಕೀಯ.

ಆಗ ಬಂಗಾಳ, ಅಸ್ಸಾಂ, ಬಿಹಾರಗಳಲ್ಲಿ ಕಾಲಾ ಅಜಾರ್ ಊರೂರನ್ನೇ ಬರಿದು ಮಾಡುತ್ತಿತ್ತು. ಬಿಡದ ಜ್ವರ, ಊದಿಕೊಳ್ಳುವ ಗುಲ್ಮ, ರಕ್ತಹೀನತೆ. ಚಿಕಿತ್ಸೆ ಸಿಗದಿದ್ದರೆ 100ರಲ್ಲಿ 95ಕ್ಕೂ ಹೆಚ್ಚು ರೋಗಿಗಳು ಸಾಯುತ್ತಾರೆ. ಕಾರಣ ಮರಳು ನೊಣ ಕಚ್ಚಿದಾಗ ಮೈಗೆ ಸೇರುವ ಲೀಶ್ಮೇನಿಯಾ ಎಂಬ ಏಕಕೋಶ ಪರಾವಲಂಬಿ. ರೋಗಿಯನ್ನು ಮುಟ್ಟಿದರೆ ಹರಡುವುದಿಲ್ಲ.

ಈ ಜೀವಿ ಎಂಥ ಗಟ್ಟಿಪಿಂಡ ನೋಡಿ. ಡಿಎನ್‌ಎ ಕಟ್ಟಲು ಬೇಕಾದ ಪ್ಯೂರಿನ್ ಅನ್ನು ತಾನೇ ತಯಾರಿಸಲಾರದು, ನಮ್ಮ ಮೈಯಿಂದಲೇ ಕಸಿಯಬೇಕು. ಸಿಗದಿದ್ದರೆ ಸಾಯುವುದಿಲ್ಲ, ವಿಭಜನೆ ನಿಲ್ಲಿಸಿ ವಾರಗಟ್ಟಲೆ ಸುಮ್ಮನೆ ಕೂರುತ್ತದೆ. ನಮ್ಮ ಜೀವಕೋಶಗಳಲ್ಲಿ ಹೆಚ್ಚಿನ ಜೀನ್‌ಗಳಿಗೆ ಅವುಗಳದೇ ಸ್ವಿಚ್ ಇರುತ್ತದೆ. ಲೀಶ್ಮೇನಿಯಾ ಹಾಗಲ್ಲ. ಸಾಲುಸಾಲು ಜೀನ್‌ಗಳನ್ನು ಒಟ್ಟಿಗೇ ಆರ್‌ಎನ್‌ಎ ಸಂದೇಶವಾಗಿ ನಕಲು ಮಾಡಿ, ಯಾವ ಸಂದೇಶ ಉಳಿಯಬೇಕು, ಯಾವುದು ಅಳಿಯಬೇಕು, ಯಾವುದರಿಂದ ಪ್ರೋಟೀನ್ ಆಗಬೇಕು ಎನ್ನುವುದನ್ನು ಆಮೇಲೆ ಆರಿಸುತ್ತದೆ. ಪ್ಯೂರಿನ್ ಬರಗಾಲ ಬಂದಾಗ ಅದನ್ನು ಒಳಗೆಳೆಯುವ ಪ್ರೋಟೀನ್‌ಗಳನ್ನು ಹೆಚ್ಚಿಸಿಕೊಳ್ಳುವುದು ಹೀಗೆಯೇ.

ಇದೆಲ್ಲ ತಿಳಿದದ್ದು ಬ್ರಹ್ಮಚಾರಿ ಅವರು ತೀರಿಕೊಂಡು ಎಷ್ಟೋ ವರ್ಷಗಳಾದ ಮೇಲೆ. ಅವರಿಗೆ ಇದ್ದದ್ದು ಕಲ್ಕತ್ತಾದ ಕ್ಯಾಂಪ್‌ಬೆಲ್ ಆಸ್ಪತ್ರೆಯ ಒಂದು ಪುಟ್ಟ ಕೋಣೆ. ವಿದ್ಯುತ್ ಇಲ್ಲ, ಗ್ಯಾಸ್ ಇಲ್ಲ, ನಲ್ಲಿ ನೀರೂ ಇಲ್ಲ. ರಾತ್ರಿ ಸೀಮೆಎಣ್ಣೆ ದೀಪ. ಆಗ ಬಳಕೆಯಲ್ಲಿದ್ದ ಆಂಟಿಮನಿ ಔಷಧ ಪರಾವಲಂಬಿಯ ಜೊತೆ ರೋಗಿಯನ್ನೂ ಹಿಂಡುತ್ತಿತ್ತು. ಅದೇ ಆಂಟಿಮನಿಗೆ ಯೂರಿಯಾ ಸೇರಿಸಿ ಅವರು ಯೂರಿಯಾ ಸ್ಟಿಬಮೈನ್ ತಯಾರಿಸಿದರು, 1920ರಲ್ಲಿ. ಗಣಿತ ಬಿಟ್ಟು ರಸಾಯನಶಾಸ್ತ್ರ ಓದಿದ್ದು ಇಲ್ಲಿ ಕೆಲಸಕ್ಕೆ ಬಂತು! ತಿಂಗಳುಗಟ್ಟಲೆ ಎಳೆಯುತ್ತಿದ್ದ ಚಿಕಿತ್ಸೆ ಕೆಲವೇ ವಾರಗಳಿಗೆ ಇಳಿಯಿತು.

1934ರಲ್ಲಿ ಸರ್ ಪದವಿ ಬಂತು, 1946ರಲ್ಲಿ ನಿಧನರಾದರು. ಮುಂದೆ ಬಿಹಾರದಲ್ಲಿ ಪರಾವಲಂಬಿ ಆಂಟಿಮನಿಗೂ ಬಗ್ಗದಂತಾಯಿತು, ಈಗ ಬೇರೆ ಔಷಧ ಕೊಡುತ್ತಾರೆ. ಆದರೆ 1922ರಲ್ಲಿ ಅವರು ಗುರುತಿಸಿದ ಒಂದು ಸಂಗತಿ ಇವತ್ತಿಗೂ ಬೇಕು: ಕಾಲಾ ಅಜಾರ್ ಗುಣವಾದವರ ಚರ್ಮದ ಮೇಲೆ ತಿಂಗಳು, ವರ್ಷಗಳ ನಂತರ ಮಚ್ಚೆ, ಗಂಟು ಏಳಬಹುದು. ಅದರೊಳಗೆ ಪರಾವಲಂಬಿ ಇರುತ್ತದೆ, ಮರಳು ನೊಣದ ಮೂಲಕ ಇನ್ನೊಬ್ಬರಿಗೂ ದಾಟಬಲ್ಲದು. ಅಂಥ ಮಚ್ಚೆಗೆ ಮುಲಾಮು ಹಚ್ಚಿ ಕೂರದೆ ವೈದ್ಯರಿಗೆ ತೋರಿಸಿ.