ಜೋಸೆಫ್ ಡೈನ್ಸ್: ಚಿನ್ನದ ಪದಕದ ಉಪಾಧ್ಯಾಯರು

ಆಟದಿಂದ ಹೊಟ್ಟೆ ತುಂಬೀತೆ? ಕಾಲೇಜಿನ ಮೈದಾನದಲ್ಲಿ ಫುಟ್‌ಬಾಲ್ ಆಡಿ ಕತ್ತಲಾದ ಮೇಲೆ ಮನೆ ಸೇರಿದಾಗಲೆಲ್ಲ ನನ್ನ ತಂದೆಯವರು ಕೇಳುವ ಪ್ರಶ್ನೆಯಿದು. ತಾವು ಅಕ್ಷರ ಕಲಿಯದಿದ್ದರೂ ಕೂಲಿ ಮಾಡಿ ನನ್ನನ್ನು ಬಿ.ಎ. ತರಗತಿಯವರೆಗೆ ಓದಿಸಿದವರು ಅವರು. ಅವರ ಮಾತನ್ನು ನಕ್ಕು ತಳ್ಳಿಹಾಕಲು ನನಗೆ ಮನಸ್ಸಾಗದು. ಉತ್ತರವನ್ನು ಅರಸುತ್ತಿದ್ದಾಗ ನನ್ನ ಕಣ್ಣಿಗೆ ಬಿದ್ದುದು ಇಂಗ್ಲೆಂಡಿನ ಜೋಸೆಫ್ ಡೈನ್ಸ್ ಅವರ ಜೀವನ.

ಡೈನ್ಸ್ ಅವರು 1886ರಲ್ಲಿ ನಾರ್ಫೋಕ್ ಪ್ರಾಂತದ ಕಿಂಗ್ಸ್ ಲಿನ್ ಎಂಬ ಊರಿನಲ್ಲಿ ಜನಿಸಿದರು. ದೊಡ್ಡವರಾದ ಮೇಲೆ ಶಾಲಾ ಉಪಾಧ್ಯಾಯರಾದರು. ಆಟವೆಂದರೆ ಅವರಿಗೆ ಪ್ರಾಣ. ಆ ಕಾಲಕ್ಕೆ ಇಂಗ್ಲೆಂಡಿನಲ್ಲಿ ಸಂಬಳ ಪಡೆದು ಆಡುವವರೂ ಇದ್ದರು; ಹಣ ಪಡೆಯದೆ ಆಡುವ ಹವ್ಯಾಸಿಗಳೂ ಇದ್ದರು. ಡೈನ್ಸ್ ಎರಡನೆಯ ಪಂಗಡದವರು. ಪಾಠ ಹೇಳಿ ಅನ್ನ ಸಂಪಾದಿಸಿದರು. ಆಟದಿಂದ ಅನ್ನ ಬೇಡಲಿಲ್ಲ. ಲಂಡನ್ನಿನ ಸಮೀಪದ ಇಲ್‌ಫರ್ಡ್ ತಂಡದಲ್ಲಿ ಆಡಿದರು. ಇಂಗ್ಲೆಂಡಿನ ಹವ್ಯಾಸಿ ತಂಡಕ್ಕಾಗಿಯೂ ಹಲವು ಪಂದ್ಯಗಳನ್ನು ಆಡಿದರು.

1912ರಲ್ಲಿ ಸ್ಟಾಕ್‌ಹೋಮ್ ನಗರದಲ್ಲಿ ಒಲಿಂಪಿಕ್ ಕ್ರೀಡೆಗಳು ನಡೆದವು. ಅಲ್ಲಿ ಹವ್ಯಾಸಿಗಳಿಗೆ ಮಾತ್ರ ಪ್ರವೇಶ. ಬ್ರಿಟಿಷ್ ತಂಡಕ್ಕೆ ವಿವಿಯನ್ ವುಡ್‌ವರ್ಡ್ ನಾಯಕರು. ಮಧ್ಯಪಂಕ್ತಿಯಲ್ಲಿ ನಮ್ಮ ಉಪಾಧ್ಯಾಯರು. ಹಂಗೆರಿಯನ್ನು 7-0, ಫಿನ್ಲೆಂಡನ್ನು 4-0 ಗೋಲುಗಳಿಂದ ಸೋಲಿಸಿದ ತಂಡ, ಜುಲೈ 4ರಂದು ಡೆನ್ಮಾರ್ಕನ್ನು 4-2ರಿಂದ ಗೆದ್ದು ಚಿನ್ನದ ಪದಕ ಪಡೆಯಿತು. ಆ ದಿನ ಗಾಯಗೊಂಡ ಡೇನಿಷ್ ಆಟಗಾರನೊಬ್ಬನು ಹೊರನಡೆದುದರಿಂದ ಎದುರಾಳಿಗಳು ಹತ್ತೇ ಮಂದಿ ಉಳಿದಿದ್ದರೆಂಬುದನ್ನೂ ಹೇಳುವುದು ನ್ಯಾಯ. ಅದೇ ವರ್ಷ ಪ್ರಸಿದ್ಧ ಲಿವರ್‌ಪೂಲ್ ತಂಡದ ಪರವಾಗಿ ಅವರು ಒಂದೇ ಒಂದು ಲೀಗ್ ಪಂದ್ಯವನ್ನಾಡಿದರು, ಅದೂ ಹವ್ಯಾಸಿಯಾಗಿಯೇ.

1914ರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾಯಿತು. ಡೈನ್ಸ್ ಸೈನ್ಯ ಸೇರಿ, ಮುಂದೆ ಕಿಂಗ್ಸ್ ಲಿವರ್‌ಪೂಲ್ ರೆಜಿಮೆಂಟಿನಲ್ಲಿ ಸೆಕೆಂಡ್ ಲೆಫ್ಟಿನೆಂಟರಾದರು. 1918ರ ಸೆಪ್ಟೆಂಬರ್ 27ರಂದು ಉತ್ತರ ಫ್ರಾನ್ಸಿನ ರಣರಂಗದಲ್ಲಿ ಮಡಿದರು. ಆಗ ಅವರಿಗೆ 32 ವರ್ಷ. ಇನ್ನು 45 ದಿನ ಕಳೆದಿದ್ದರೆ, ನವೆಂಬರ್ 11ರಂದು, ತೋಪುಗಳು ಮೌನವಾಗುತ್ತಿದ್ದವು. ಮೇಷ್ಟರು ತರಗತಿಗೆ ಮರಳುತ್ತಿದ್ದರೋ ಏನೋ.

ಈ ಕಥೆಯನ್ನು ನಾನು ಒಂದು ರಾತ್ರಿ ತಂದೆಯವರಿಗೆ ಹೇಳಿದೆನು. ಅವರು ಪದಕದ ಬೆಲೆಯನ್ನು ಕೇಳಲಿಲ್ಲ. ಮೇಷ್ಟರನ್ನೂ ಯುದ್ಧ ಬಿಡಲಿಲ್ಲವೇ ಎಂದಷ್ಟೇ ಕೇಳಿ ಬಹಳ ಹೊತ್ತು ಸುಮ್ಮನೆ ಕುಳಿತರು. ಮುಂದಿನ ವರ್ಷ ಉಪಾಧ್ಯಾಯರ ತರಬೇತಿಗೆ ಸೇರಬೇಕೆಂಬುದು ನನ್ನ ಆಸೆ. ಆಟ ಹೊಟ್ಟೆ ತುಂಬಿಸದೆಂಬ ತಂದೆಯವರ ಮಾತು ನಿಜವೇ. ಆದರೆ ಹೊಟ್ಟೆಗೆ ಬೇರೆ ದುಡಿಮೆಯಿರಿಸಿಕೊಂಡು ಸಂಜೆಯ ಮೈದಾನವನ್ನೂ ಬಿಡದೆ ಬಾಳಬಹುದೆಂದು ಡೈನ್ಸ್ ತೋರಿಸಿಕೊಟ್ಟಿದ್ದಾರೆ. ಮರುದಿನ ಸಂಜೆ ನಾನು ಮೈದಾನಕ್ಕೆ ಹೊರಟಾಗ ತಂದೆಯವರು ಎಂದಿನ ಪ್ರಶ್ನೆಯನ್ನು ಕೇಳಲಿಲ್ಲ. ಕತ್ತಲಾಗುವ ಮುನ್ನ ಬಾ ಎಂದರು.